ಬಾಡದ ಮರಳಿನಲ್ಲಿ ಹನ್ನೆರಡು ಚೌಕ

ಮಾರ್ಚ್ 11, 2025, ಮಂಗಳವಾರ
ಬೆಳಿಗ್ಗೆ ಕಾಲೇಜಿನಲ್ಲಿ ಎರಡು ಬ್ಯಾಚ್ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಫಾರೆಸ್ಟ್ ಆಫೀಸಿಗೆ. ನನ್ನ ನಲವತ್ತು ಪುಟದ ಪ್ರಪೋಸಲ್ ಮೂರನೇ ಸಲ ವಾಪಸ್. ರೇಂಜರ್ ವಿಘ್ನೇಶ್ವರ ಬೈಯಲಿಲ್ಲ, ಪುಟ ತಿರುವುತ್ತಾ ಕೂತರು.

“ಮ್ಯೂಸಿಯಂ, ಡಾಕ್ಯುಮೆಂಟರಿ, ಭಟ್ಕಳದವರೆಗೆ ಸರ್ವೇ... ಅಕ್ಕೋರೆ, ಇದ್ರಲ್ಲಿ ನಿಮ್ಗೆ ಬೇಕಾದ್ದು ಎಂತದು?”

“ಬಾಡ ಊರಿನ ದಂಡೆಯಲ್ಲಿ ಹುಗಿದ ತಿಮಿಂಗಿಲದ ಎಲುಬು.”

“ಹಂಗಾರೆ ಅಷ್ಟೇ ಬರೀರಿ. ಒಂದೇ ಪುಟ. ಎಂತ ಮಾಡ್ತ್ರಿ, ಎಂತ ಮಾಡೂದಿಲ್ಲ, ಎರಡೂ.”

ಬಸ್ಸಿನುದ್ದಕ್ಕೂ ಅದೇ ಮಾತು ತಲೆಯಲ್ಲಿ. ನನ್ನ ಪಿಎಚ್.ಡಿ. ಹನ್ನೊಂದು ವರ್ಷ ಎಳೆದಾಡಿ ನಿಂತುಹೋದದ್ದು ಇದಕ್ಕೇ ಅಲ್ಲವೇ? ‘ಉತ್ತರ ಕನ್ನಡ ಕರಾವಳಿಯ ಜೀವರಾಶಿ’. ಒಂದು ಏಡಿಯ ಬೆನ್ನು ಹತ್ತಿದರೆ ಅದರ ಹಿಂದೆ ಇನ್ನೊಂದು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ 14
ಒಂದು ಪುಟ ಆಯಿತು. ಮಾಡುವುದು: ಮಳೆಗೆ ಮೊದಲು ಎಲುಬು ತೆಗೆದು, ನಂಬರ್ ಹಾಕಿ, ಕಾಲೇಜಿನ ಶೆಡ್ಡಿಗೆ ಸೇರಿಸುವುದು. ಅಷ್ಟೇ.

ಮಾಡದೇ ಇರುವುದು — ಇದನ್ನು ಬರೆಯುವುದೇ ಕಷ್ಟ. ಜೋಡಿಸಿ ನಿಲ್ಲಿಸುವುದಿಲ್ಲ. ಡಿಎನ್‌ಎ ಇಲ್ಲ. ಹೇಗೆ ಸತ್ತಿತು ಎನ್ನುವ ತನಿಖೆ ಇಲ್ಲ. ಕೊನೆಯದನ್ನು ಬರೆಯುವಾಗ ಪೆನ್ನು ನಿಂತಿತು. 2023ರ ನವೆಂಬರಿನಲ್ಲಿ ಅದು ದಡಕ್ಕೆ ಬಂದು ಬಿದ್ದ ದಿನದಿಂದ ನನಗೆ ಬೇಕಿದ್ದದ್ದು ಆ ಉತ್ತರವೇ. ನಲವತ್ತು ಅಡಿ ಮೈ. ಕಣ್ಣು ಒಂದು ಕಿತ್ತಳೆಯಷ್ಟು.

ಆಮೇಲೆ ಗ್ರಾಫ್ ಹಾಳೆ ತೆಗೆದು ಆ ಮೈಯನ್ನು ಹನ್ನೆರಡು ಚೌಕ ಮಾಡಿದೆ. ಪ್ರತಿ ಚೌಕಕ್ಕೆ ಎಷ್ಟು ಎಲುಬು, ಯಾರು, ಎಷ್ಟು ಹೊತ್ತು. ಬಾಲದಿಂದ ಶುರು. ಕಷ್ಟದ ತಲೆ ಕೊನೆಗೆ.

ಏಪ್ರಿಲ್ 4
ಪರವಾನಗಿ ಬಂತು. ಹತ್ತೇ ದಿನ, 13ರವರೆಗೆ.

ಹುಗಿದ ಜಾಗ ಖಚಿತವಾಗಿ ಗೊತ್ತಿದ್ದದ್ದು ದಾಸಣ್ಣನಿಗೆ ಮಾತ್ರ. ಬಾಡದ ಮೀನುಗಾರ, ಅವತ್ತು ಹುಗಿಯುವಾಗ ಜೆಸಿಬಿಯ ಜೊತೆ ನಿಂತವನು. ಗಾಳಿಮರದಿಂದ ಹೆಜ್ಜೆ ಎಣಿಸಿ ಹಾರೆ ಊರಿದ. “ಇಲ್ಲೇ.” ಅವನ ಹೆಂಡತಿ ಬೆಳ್ಳಿ ಮೀನಿನ ಬುಟ್ಟಿ ಇಳಿಸಿ ಮರಳಿನ ಮೇಲೆ ಎರಡು ದಾಸವಾಳ ಇಟ್ಟಳು. ಅವಳು ತಿಮಿಂಗಿಲ ಅನ್ನುವುದಿಲ್ಲ, ‘ದೊಡ್ಡದು’ ಅನ್ನುತ್ತಾಳೆ.

ಹಗ್ಗ ಕಟ್ಟಿ ಚೌಕ ಮಾಡಿದೆವು. ನಾನು, ಆರು ಮಂದಿ ವಿದ್ಯಾರ್ಥಿಗಳು, ದಾಸಣ್ಣ. ಹನ್ನೊಂದು ಗಂಟೆಗೆ ಬಾಲದ ಕಡೆ ಮೊದಲ ಎಲುಬು ಕಂಡಿತು. ನಾತ ತಲೆಗೇರಿತು. ಆದರೂ ಒಬ್ಬರೂ ಹಿಂದೆ ಸರಿಯಲಿಲ್ಲ.

ಏಪ್ರಿಲ್ 6
ಐದನೇ ಚೌಕದಲ್ಲಿ ಅಲ್ಲಿರಬಾರದ್ದು ಸಿಕ್ಕಿತು. ತಿಮಿಂಗಿಲದ ಬಲಗೈ, ಅಂದರೆ ಬಲ ಈಜುರೆಕ್ಕೆ. ಜೆಸಿಬಿ ಎಳೆದಾಗ ಹರಿದು ಇಲ್ಲಿ ಬಿದ್ದಿರಬೇಕು. ಬಿ.ಎಸ್ಸಿ. ಕೊನೆಯ ವರ್ಷದ ಸೌಜನ್ಯಾ ಬ್ರಶ್ ಹಿಡಿದು ಮೂರು ತಾಸು ಕೂತಳು. ಒಂದೊಂದೇ ಗೆಣ್ಣು ಬಂತು.

ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮೂರರದ್ದೂ ಒಂದೇ ರಚನೆ — ಇಪ್ಪತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಚಾರ್ಟ್ ನೋಡಿ ಬರೆದದ್ದು. ಇವತ್ತು ಮೊಣಕಾಲೂರಿ ನೋಡಿದೆ.

ಬೆಳ್ಳಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಕೈ ಚಾಚಿದಳು.

“ಅಕ್ಕೋರೆ, ಇದ್ಕೆ ಬೆರಳು ಅದೆ!”

“ಹೌದು ಬೆಳ್ಳಕ್ಕ.”

“ನಾಲ್ಕೇ. ಒಂದು ಎಲ್ಲಿ ಹೋತು?”

“ಲಕ್ಷಾಂತರ ವರ್ಷದ ಹಿಂದೆ ಬಿಟ್ಟುಹೋಗಿದೆ. ಯಾವ ಬೆರಳು ಅಂತ ಓದಿದವರಲ್ಲೇ ಇನ್ನೂ ಜಗಳ.”

ಅವಳು ತನ್ನ ಬೆರಳು ಮಡಚಿ ಮಡಚಿ ನೋಡಿಕೊಂಡಳು. ಬುಟ್ಟಿಯ ಬಂಗುಡೆ ಬಿಸಿಲಿಗೆ ಬಾಡಿತು. ಅವಳಿಗೆ ನೆನಪಿಲ್ಲ, ನಮಗೂ ಇಲ್ಲ.

ಏಪ್ರಿಲ್ 9
ಆರು ದಿನಕ್ಕೆ ಏಳು ಚೌಕ. ಇನ್ನೂ ಐದು. ನನ್ನ ಲೆಕ್ಕಕ್ಕಿಂತ ಒಂದು ದಿನ ಹಿಂದೆ, ಹೇಗೋ ತೂಗಿಸಬಹುದು ಅಂದುಕೊಂಡಿದ್ದೆ. ಮಧ್ಯಾಹ್ನ ದಾಸಣ್ಣ ಕರೆದು ಒದ್ದೆ ಮರಳು ತೋರಿಸಿದ. ನೀರು ಹನ್ನೆರಡನೇ ಚೌಕಕ್ಕೆ ನಾಲ್ಕು ಮಾರು ದೂರ.

“ಶನಿವಾರ ಹುಣ್ಣಿಮೆ. ಉಬ್ಬರ ಈ ಬದಿ ತಿಂತದೆ. ತಲೆ ಮೊದ್ಲು ತೆಗೀಬೇಕು ಅಕ್ಕೋರೆ.”

“ತಲೆ ಕೊನೆಗೆ ಅಂತ ಪ್ಲಾನ್ ಇದೆ ದಾಸಣ್ಣ.”

“ನಿಮ್ಮ ಪಟ್ಟಿ ಸರಿಯೇ. ಸಮುದ್ರಕ್ಕೆ ಓದೂಕೆ ಬರೂದಿಲ್ಲ.”

ಗಾಳಿಮರದ ನೆರಳಿನಲ್ಲಿ ಗ್ರಾಫ್ ಹಾಳೆ ಹಾಸಿ ಕೂತೆ. ಹನ್ನೆರಡರಲ್ಲಿ ತಲೆ. ಹನ್ನೊಂದರಲ್ಲಿ ಎಡಗೈ, ಅದೂ ನೀರಿನ ಬದಿಗೇ. ಇರುವ ಜನಕ್ಕೆ ಎರಡೂ ಆಗುವುದಿಲ್ಲ. ಮೊದಲಾಗಿದ್ದರೆ ಎರಡನ್ನೂ ಹಿಡಿದು ಎರಡನ್ನೂ ಕಳೆದುಕೊಳ್ಳುತ್ತಿದ್ದೆ. ಇವತ್ತು ಹನ್ನೊಂದನ್ನು ನನ್ನ ಕೈಯಾರೆ ಹೊಡೆದು ಹಾಕಿದೆ.

“ಮೇಡಂ, ಒಂದು ಕೈ ಬಿಟ್ಟೇ ಹೋಗುದಾ?” ಸೌಜನ್ಯಾ ಕೇಳಿದಳು. ನಾನು ಹಾರೆ ಎತ್ತಿಕೊಂಡು ಹನ್ನೆರಡನೇ ಚೌಕಕ್ಕೆ ನಡೆದೆ.

ಏಪ್ರಿಲ್ 11, ಸಂಜೆ
ಮೈಯೆಲ್ಲ ದಣಿದಿದೆ. ಆದರೂ ಬರೆಯಬೇಕು.

ನಿನ್ನೆ ಸಂಜೆಯ ಹೊತ್ತಿಗೆ ತಲೆಬುರುಡೆ ಬಿಡಿಸಿ ಆಗಿತ್ತು. ಹತ್ತು ಅಡಿ ಉದ್ದ. ಎತ್ತಲು ಬಂದ ಜೆಸಿಬಿಯ ಚಕ್ರ ಹಸಿ ಮರಳಿನಲ್ಲಿ ಹೂತು, ಡ್ರೈವರ್ ಹೇಗೋ ಹೊರತೆಗೆದು, ಆಗುವುದಿಲ್ಲ ಎಂದು ಕೈಯಾಡಿಸಿ ವಾಪಸ್ ಹೋದ. ನಾನು ಅಲ್ಲೇ ಕೂತುಬಿಟ್ಟೆ. ದಾಸಣ್ಣ ಕೇರಿಯ ಕಡೆ ನಡೆದ.

ಇವತ್ತು ಬೆಳಿಗ್ಗೆ ಏಳಕ್ಕೆ ಬಂದು ನೋಡಿದರೆ ಮೂವತ್ನಾಲ್ಕು ಜನ. ದೋಣಿ ಎಳೆಯುವ ಹಗ್ಗ, ಅದರ ಕೆಳಗೆ ಹಾಕಿ ಉರುಳಿಸುವ ದಿಮ್ಮಿಗಳು. ಹಗ್ಗ ಎಲ್ಲಿ ಸುತ್ತಿದರೆ ಎಲುಬು ಮುರಿಯುವುದಿಲ್ಲ ಎಂದು ನಾನು ತೋರಿಸಿದೆ. ಗೋಣಿ ಒಟ್ಟಿ ಬಿಗಿದರು. ದಾಸಣ್ಣ ಕೂಗು ಹಾಕಿದ, ಎಲ್ಲರೂ ಓಗೊಟ್ಟು ಜಗ್ಗಿದರು. ಅಲುಗಲಿಲ್ಲ. ಎರಡನೇ ಸಲವೂ ಇಲ್ಲ. ಇನ್ಸ್‌ಪೆಕ್ಷನ್‌ಗೆ ಬಂದಿದ್ದ ವಿಘ್ನೇಶ್ವರ ಬೂಟು ಕಳಚಿಟ್ಟು ಹಗ್ಗಕ್ಕೆ ಕೈ ಹಾಕಿದರು. ಬೆಳ್ಳಿ ಸೀರೆ ಎತ್ತಿ ಕಟ್ಟಿದಳು. ಮೂರನೇ ಕೂಗಿಗೆ...

ಒಂದು ಗೇಣು ಸರಿಯಿತು.

ಆಮೇಲೆ ನಿಲ್ಲಲಿಲ್ಲ. ಹಿಂದಿನ ದಿಮ್ಮಿ ಮುಂದಕ್ಕೆ, ಮತ್ತೆ ಹಿಂದಿನದು ಮುಂದಕ್ಕೆ. ಬಿಸಿಲು ಬಿದ್ದ ಆ ಬುರುಡೆ ದೋಣಿಯ ಹಾಗೆ ದಿಬ್ಬ ಏರಿ ಬರುತ್ತಿತ್ತು. ಎಳೆಯುತ್ತಿದ್ದವರಲ್ಲಿ ನಾನೂ ಒಬ್ಬಳು ಎಂಬುದು ಅಂಗೈ ಸುಲಿದದ್ದು ಕಂಡ ಮೇಲೇ ಗೊತ್ತಾಯಿತು.

ಏಪ್ರಿಲ್ 13, ಭಾನುವಾರ
ಹುಣ್ಣಿಮೆಯ ಉಬ್ಬರ ದಾಸಣ್ಣ ಹೇಳಿದಲ್ಲಿಗೇ ಬಂತು. ಹನ್ನೊಂದನೇ ಚೌಕ ಇದ್ದಲ್ಲಿ ಈಗ ನೀರು, ನಯವಾದ ಮರಳು. ಎಡಗೈ ಹೋಯಿತು. ನೋವಾಯಿತು, ಖಂಡಿತ. ಉಳಿದ ಮೂರು ಚೌಕ ಮಧ್ಯಾಹ್ನದೊಳಗೆ ಮುಗಿದವು. ನೂರ ಮೂವತ್ತೇಳು ಎಲುಬು ಶೆಡ್ಡಿಗೆ ಸೇರಿದವು. ಪಟ್ಟಿಯ ಪ್ರತಿ ಸಾಲಿಗೂ ಟಿಕ್, ಇಲ್ಲವೇ ಅಡ್ಡಗೆರೆ. ಬಾಕಿ ಏನೂ ಇಲ್ಲ.

ಐವತ್ತು ವರ್ಷಕ್ಕೆ, ನಾನು ಮುಗಿಸಿದ ಮೊದಲ ಕೆಲಸ.

ಜೂನ್ 22, ಮಧ್ಯಾಹ್ನ 3, ಶೆಡ್
ಎರಡು ತಿಂಗಳು ಬರೆದಿಲ್ಲ. ಪರೀಕ್ಷೆ, ವ್ಯಾಲ್ಯುಯೇಷನ್, ಮಳೆ. ಎಲುಬು ನೆನೆಸುವುದು, ತಿಕ್ಕುವುದು. ರಿಸಲ್ಟ್ ಬಂದಿದ್ದರೂ ಸೌಜನ್ಯಾ ದಿನಾ ಬರುತ್ತಾಳೆ.

ಹೊಟ್ಟೆಯ ಭಾಗದ್ದೊಂದು ಒಣಗಿದ ಮಾಂಸದ ಮುದ್ದೆ, ಬಿಸಾಡಬೇಕೆಂದು ಇಟ್ಟದ್ದು. ಇವತ್ತು ಅವಳು ಸುಮ್ಮನೆ ನೀರಿಗೆ ಹಾಕಿ ಕಿವುಚಿದಳು. ಒಳಗೆ ಒಂದು ಎಲುಬು. ಗೇಣುದ್ದ, ತೆಳ್ಳಗೆ, ಸ್ವಲ್ಪ ಬಾಗಿದ್ದು. ಬೆನ್ನುಮೂಳೆಗೆ ಅಂಟಿದ್ದಲ್ಲ. ಯಾವುದಕ್ಕೂ ಅಂಟಿದ್ದಲ್ಲ. ಹುಡುಕಿದರೂ ಸಿಗದು ಎಂದು ನಾನು ಪಟ್ಟಿಯಲ್ಲೇ ಹಾಕಿರಲಿಲ್ಲ.

ಮೀನು ಮಾರಿ ಬಂದ ಬೆಳ್ಳಿ ಬಾಗಿಲಲ್ಲಿ ಕೊಡೆ ಮಡಚುತ್ತಾ ಕೇಳಿದಳು, “ಅದೆಂತ ಅಕ್ಕೋರೆ?”

“ಸೊಂಟದ ಎಲುಬು. ಹಿಂದೆ ಯಾವಾಗಲೋ ಇದಕ್ಕೆ ಹಿಂಗಾಲು ಇತ್ತು, ಅದರ ಉಳಿಕೆ.”

“ಕಾಲೇ? ದೊಡ್ಡದು ನಡೀತಿತ್ತಾ?”

“ಇದರ ಹಿರಿಯರು ನಡೆಯುತ್ತಿದ್ದರು. ದಂಡೆಯ ಮೇಲೆ.”

ಬೆಳ್ಳಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಶೀಟಿನ ಮೇಲೆ ಮಳೆ ಬಡಿಯುತ್ತಿದೆ. ನಾನು ರಿಜಿಸ್ಟರಿನಲ್ಲಿ 138 ಎಂದು ಬರೆದೆ. ಉದ್ದ ಬರೆದೆ. ಕೈ ಮುಂದೆ ಹೋಗುತ್ತಿಲ್ಲ. ಐದು ಕೋಟಿ ವರ್ಷ ನೀರಿನಲ್ಲಿದ್ದೂ ಈ ಗೇಣುದ್ದದ್ದನ್ನು ಒಳಗೇ ಇಟ್ಟುಕೊಂಡು —

ಸೌಜನ್ಯಾ ಕೂಗುತ್ತಿದ್ದಾಳೆ. ಮುದ್ದೆಯಲ್ಲಿ ಇನ್ನೂ ಏನೋ ಗಟ್ಟಿ ತಾಗುತ್ತಿದೆಯಂತೆ. ಇದರ ಜೋಡಿ, ಇನ್ನೊಂದು ಬದಿಯ ಸೊಂಟದ ಎಲುಬೇ ಆಗಿದ್ದರೆ...