ಆರು ಗಂಟೆ ಬಸ್ಸು ಎಲ್ಲಿ ಮಲಗಬೇಕು

೧೦-೧೦-೨೦೦೧, ಬುಧವಾರ. ಬೆಳಿಗ್ಗೆ ೬-೨೫

ಇವತ್ತೂ ಇಲ್ಲ. ಅರಳಿಕಟ್ಟೆ ಮೇಲೆ ಕೂತು ಕಾದದ್ದಷ್ಟೇ ಬಂತು. ಹಾಲಿನ ವ್ಯಾನು ಹೋಯಿತು, ಒಂದು ಎತ್ತಿನ ಗಾಡಿ ಹೋಯಿತು. ಬಸ್ಸಿಲ್ಲ. ಮೊಮ್ಮಗಳು ಗಾನವಿ ಪುಸ್ತಕ ಎದೆಗೆ ಒತ್ತಿಕೊಂಡು ಮೇನ್ ರೋಡಿನ ಗೇಟಿಗೆ ನಡೆದಳು — ಮೂರು ಮೈಲಿ. ಕೆಳಗಿನ ಕೇರಿಯ ಪಾಪಮ್ಮನ ಮೊಮ್ಮಗಳು ಕವನ ಜೊತೆಗಿದ್ದಾಳೆ, ಅದೊಂದು ಧೈರ್ಯ. ಗೇಟಿನಲ್ಲಿ ಸಿಕ್ಕಿದ್ದನ್ನು ಹತ್ತಿ ಟಿ. ನರಸೀಪುರ ಸೇರುವಷ್ಟರಲ್ಲಿ ಎಂಟು ಗಂಟೆ ಲ್ಯಾಬು ಮುಗಿದಿರುತ್ತದೆ. ಸೆಕೆಂಡ್ ಪಿಯುಸಿ. ಮೊಮ್ಮಗಳು ಓದುತ್ತಿರುವುದು ಸೈನ್ಸು, ಕಲಿಯುತ್ತಿರುವುದು ನಡಿಗೆ.

ಈ ಡೈರಿ ೧೯೯೯ರದು. ಗೊಬ್ಬರದಂಗಡಿಯವರು ಕೊಟ್ಟದ್ದು. ಮಗ ಶಿವಮಲ್ಲಪ್ಪ ಒಂದಕ್ಷರ ಬರೆಯದೆ ಅಟ್ಟಕ್ಕೆ ಎಸೆದಿದ್ದ. ಅಚ್ಚಾದ ತಾರೀಖು ಹೊಡೆದು ಹಾಕಿ ನನ್ನದು ಬರೆಯುತ್ತೇನೆ. ಓದಿರುವುದು ನಾಲ್ಕನೇ ಕ್ಲಾಸು. ಬಸ್ಸು ಬಂತು, ಬರಲಿಲ್ಲ ಅಂತ ಬರೆಯಲು ಅಷ್ಟು ಸಾಕು.

೧೧-೧೦. ಇಲ್ಲ.

೧೨-೧೦. ಇಲ್ಲ.

೧೪-೧೦, ಭಾನುವಾರ

ಅಂಗಡಿಯ ಫೋನಿನಿಂದ ಡಿಪೋಗೆ ಮಾಡಿಸಿದೆ. ಯಾವನೋ ಎತ್ತಿದ.

"ರೂಟ್ ರಿವೈಸ್ ಆಗಿದೆ ಅಜ್ಜಿ."

"ರಿವೈಸ್ ಅಂದ್ರೇನಪ್ಪ?"

"ರಿವೈಸ್ ಅಂದ್ರೆ ರಿವೈಸು."

ಇಟ್ಟುಬಿಟ್ಟ. ಇವರಪ್ಪನ ಮನೆ ಬಸ್ಸು!

ಆರು ವರ್ಷ ಸರಿಯಾಗಿ ನಡೆದ ಬಸ್ಸು ಇದು. ರಾತ್ರಿ ಎಂಟಕ್ಕೆ ಬಂದು ನಮ್ಮೂರಲ್ಲೇ ಹಾಲ್ಟು, ಬೆಳಿಗ್ಗೆ ಆರಕ್ಕೆ ಹೊರಡುವುದು. ಆಗಿದ್ದ ಕಂಡಕ್ಟರು ನಮ್ಮವರ ಪೈಕಿಯೇ, ಕೊಳ್ಳೇಗಾಲದ ಕಡೆಯವ. ನಮ್ಮ ಜಗುಲಿ ಮೇಲೆ ಮಲಗುತ್ತಿದ್ದ. ಮುದ್ದೆ, ಉಪ್ಸಾರು ಇಕ್ಕಿದರೆ ತಟ್ಟೆ ನೆಕ್ಕುತ್ತಿದ್ದ. ಡ್ರೈವರಿಗೆ ಹತ್ತಿರದಲ್ಲೇ ನೆಂಟರ ಮನೆಯಿತ್ತು. ಕಂಡಕ್ಟರಿಗೆ ಟ್ರಾನ್ಸ್‌ಫರ್ ಆಯಿತು. ಆಷಾಢ ಕಳೆದ ಮೇಲೆ ಬೇರೆಯವನು ಬಂದ. ತಿಂಗಳು ತುಂಬುವಷ್ಟರಲ್ಲಿ ಬಸ್ಸೇ ನಿಂತಿತು. ಸೋಸಲೆ ಕಡೆಗೆ ನೋಡು, ಒಂದು ಹೋದರೆ ಇನ್ನೊಂದು. ನಮ್ಮೂರು ಏನು ಪಾಪ ಮಾಡಿತ್ತು?

೧-೧೧, ಗುರುವಾರ. ಸಂಜೆ

ಇವತ್ತು ನಗಬೇಕೋ ಅಳಬೇಕೋ. ಬಸ್ಸಿಲ್ಲದ ಊರಿನಲ್ಲಿ ಬಸ್ ತಂಗುದಾಣ ಉದ್ಘಾಟನೆ! ಕಾಂಕ್ರೀಟು, ನೀಲಿ ಬಣ್ಣ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಶಾಸಕ ಅಮೃತೇಶನ ಹೆಸರು. ರಾಜ್ಯೋತ್ಸವದ ಬಾವುಟ. ಅವನು ಟೇಪು ಕತ್ತರಿಸಿ ಕೈ ಮುಗಿಯುವಷ್ಟರಲ್ಲಿ ಮುಂದೆ ಹೋಗಿ ನಿಂತೆ.

"ಕೊಟ್ಗೆ ಚೆನ್ನಾಗಿ ಕಟ್ಸಿದ್ದೀಯ ಅಮೃತೇಶಪ್ಪ. ಅಸ ಎಲ್ಲಿ?"

"ಯಾವ ಹಸ ಅಜ್ಜಿ?"

"ಆರ್ ಗಂಟೆ ಬಸ್ಸು ಕಣಪ್ಪ. ಇದ್ರೊಳಗೆ ಯಾರ್ನ ಕೂರ್ಸನ? ನಿನ್ ಪೋಟೋನ?"

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಪಾಪಮ್ಮ ಮಾತ್ರ ಒತ್ತಿಕೊಳ್ಳಲೂ ಇಲ್ಲ, ಜೋರಾಗಿಯೇ ನಕ್ಕಳು. ಅಮೃತೇಶನ ಮುಖ ಕೆಂಪಾಯಿತು. ಮೈಕು ಕೈಯಲ್ಲಿತ್ತಲ್ಲ, ಎಲ್ಲರೂ ಕೇಳುವ ಹಾಗೆ ಹೇಳಿದ:

"ಡಿಸೆಂಬರ್ ಸೆಷನ್ನಲ್ಲಿ ಸರ್ಕಾರನೇ ಕೇಳ್ತೀನಿ ಅಜ್ಜಿ. ಯಾವ್ಯಾವ್ ದಿನ ಬಸ್ ಬಂದಿಲ್ಲ, ಬರೆದು ಕೊಡಿ."

"ಬರ್ದೇ ಮಡ್ಗಿವ್ನಿ."

ಗಾನವಿ ಡೈರಿ ನೋಡಿ ಬಿಳಿ ಹಾಳೆಗೆ ಇಳಿಸಿದಳು. ಬೈಗುಳ ಬಿಟ್ಟು ತಾರೀಖು ಮಾತ್ರ. ಕೆಳಗೆ ನನ್ನ ಸಹಿ, ಪಾಪಮ್ಮನ ಹೆಬ್ಬೆಟ್ಟು.

೨೨-೧೧, ಗುರುವಾರ

ಕಾಲೇಜಿನಿಂದ ಕಾಗದ. ಅಟೆಂಡೆನ್ಸ್ ಶಾರ್ಟೇಜು. ಕವನನಿಗೂ ಬಂದಿದೆಯಂತೆ. ರಜೆ ಕಳೆದು ಜನವರಿ ಎರಡಕ್ಕೆ ಕಾಲೇಜು ಮತ್ತೆ ತೆರೆದ ಮೇಲೆ ಒಂದು ದಿನವೂ ತಪ್ಪಿಸದೆ, ಮೊದಲ ಪೀರಿಯಡ್ಡಿನಿಂದ ಬಂದರೆ ಹಾಲ್ ಟಿಕೆಟ್ಟು. ಇಲ್ಲವಾದರೆ ಪರೀಕ್ಷೆ ಇಲ್ಲ.

ಶಿವಮಲ್ಲಪ್ಪ ಕಾಗದ ಮಡಿಚಿ ಕಿಟಕಿಗೆ ಸಿಕ್ಕಿಸಿದ. "ಸಾಕು ಬುಡವ್ವ. ಅದಿನಾರು ಊರಿಂದ ಒಂದು ಸಂಬಂದ ಬಂದದೆ. ಜನವರಿಗೂ ಬಸ್ಸು ಬರ್ನಿಲ್ಲ ಅಂದ್ರೆ ಅದೇ ಮುಗ್ಸನ."

"ಅವ್ಳಿಗಿನ್ನೂ ಅದಿನೇಳು ಕಣ್ಲಾ."

"ನಿಂಗೆ ಮದ್ವೆ ಆದಾಗ ಎಷ್ಟು?"

ಹನ್ನೆರಡು. ಐದನೇ ಕ್ಲಾಸು ಪಕ್ಕದೂರಲ್ಲಿತ್ತು, ನಮ್ಮಪ್ಪನೂ ದಾರಿ ದೂರ ಎಂದೇ ಹೇಳಿದ್ದ. ಸೊಸೆ ರುದ್ರಾಣಿ ಒಲೆ ಮುಂದೆ ತಲೆ ಎತ್ತಲಿಲ್ಲ. ಗಾನವಿ ಹಿತ್ತಲಲ್ಲಿ ನಿಂತು ಅತ್ತಳು. ಅಳುವವಳನ್ನು ಬೈದೆ. ಬೈಯುವುದಲ್ಲದೆ ನನಗೆ ಇನ್ನೇನು ಬರುತ್ತದೆ.

೧೬-೧೨, ಭಾನುವಾರ. ರಾತ್ರಿ ಊಟವಿಲ್ಲ

ನಂಜನಗೂಡಿಗೆ ಹೋಗಿ ಬಂದೆ. ಪಾಪಮ್ಮನೂ ಬಂದಿದ್ದಳು. ಅಮೃತೇಶನ ಆಫೀಸು ತುಂಬ ಜನ. ನಮ್ಮನ್ನು ನೋಡಿದ್ದೇ ಕರೆದ. ಕೈಯಲ್ಲಿ ಜೆರಾಕ್ಸು.

"ಕೇಳ್ದೆ ಅಜ್ಜಿ. ಉತ್ತರನೂ ಬಂತು. ನೀವೇ ಕೇಳಿಸ್ಕೊಳ್ಳಿ."

ಎಲ್ಲರ ಮುಂದೆ ಓದಿದ. ಆ ಹಾಳೆ ನನಗೇ ಕೊಟ್ಟ. ನೋಡಿಕೊಂಡು ಬರೆಯುತ್ತೇನೆ.

(ಅ) ಸದರಿ ಗ್ರಾಮಕ್ಕೆ ಬೆಳಗಿನ ಬಸ್ ಸೌಲಭ್ಯ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಬಂದಿದೆ.

(ಆ) ಬಂದಿದ್ದಲ್ಲಿ, ಸ್ಥಗಿತಗೊಳಿಸಲು ಕಾರಣವೇನು?
ರಾತ್ರಿ ತಂಗಲು ನಿರ್ವಾಹಕರಿಗೆ ಗ್ರಾಮದಲ್ಲಿ ಸ್ಥಳ ನಿರಾಕರಿಸಲಾಗಿದ್ದು, ಮಳೆಯಲ್ಲಿ ಬಸ್ಸಿನಲ್ಲಿಯೇ ಮಲಗಿ ಅನಾರೋಗ್ಯಕ್ಕೀಡಾದ ಕಾರಣ.

(ಇ) ಯಾವಾಗ ಪುನರಾರಂಭಿಸಲಾಗುವುದು?
ಬೀಗವಿರುವ ಕೋಣೆ, ಕುಡಿಯುವ ನೀರು ಹಾಗೂ ಶೌಚಾಲಯವನ್ನು ಗ್ರಾಮಸ್ಥರು ಲಿಖಿತವಾಗಿ ಒಪ್ಪಿ ಒದಗಿಸಿದಲ್ಲಿ ಕ್ರಮ ವಹಿಸಲಾಗುವುದು.

ಓದಿ ಮುಗಿಸಿ ಅಮೃತೇಶ ಕನ್ನಡಕ ತೆಗೆದ. "ಸದನದಲ್ಲಿ ನಕ್ರು ಅಜ್ಜಿ. 'ಮೊದ್ಲು ನಿಮ್ಮೂರಿನೋರ್ನ ಕೇಳ್ಕೊಂಡು ಬನ್ನಿ ಸ್ವಾಮಿ' ಅಂದ್ರು ಮಂತ್ರಿಗಳು. ಯಾರ ಮನೇಲಿ ಬೇಡ ಅಂದಿದ್ದು?"

ನಾನು ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲ ಕಡೆ ತಿರುಗಿದೆ.

"ಇಚಾರಿಸ್ತೀವಿ ಸಾ," ಎಂದಳು ಪಾಪಮ್ಮ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಕಪಿಲೆ ಸೇತುವೆ ದಾಟಿದ ಮೇಲೆ ಪಾಪಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನಾನ್ ಅಲ್ಲೇ ಏಳ್ಬೋದಿತ್ತು, ಯಾರ ಮನೆ ಅಂತ. ಏಳ್ನಿಲ್ಲ."

"ಯಾಕ್ ಏಳ್ನಿಲ್ಲ? ಏಳ್ಬೇಕಾಗಿತ್ತು!"

"ಏಳುದ್ರೆ ನೀವು ಮನೆ ಬಾಗ್ಲು ಆಕೊಂಡು ಒಳಗೆ ಕೂತ್ಕತಿದ್ರಿ. ನಮ್ ಕವನಂಗೆ ಬಸ್ ಬೇಕಲ್ಲವ್ವ."

ಆ ಹೊಸ ಕಂಡಕ್ಟರ್ ಚಲುವಯ್ಯನ ಮೇಲೆ ಎಂಥ ಸಿಟ್ಟು. ಸೇರಿಸಲಿಲ್ಲ ಅಂತ ಡಿಪೋಗೆ ಬರೆದಿದ್ದಾನೆ, ಸರ್ಕಾರದ ತನಕ ಮುಟ್ಟಿಸಿದ್ದಾನೆ. ನನ್ನ ಮುಖಕ್ಕೆ ಹೇಳಬಾರದಾಗಿತ್ತೆ? ಒಂದು ಮಾತು? ಚಾಡಿಕೋರ. ಪಾಪಮ್ಮನ ಮೇಲೂ ಸಿಟ್ಟು. ಅಮೃತೇಶನ ಮೇಲೂ. ಅಚ್ಚು ಹಾಕಿಸಿ ಕಳಿಸಿದ ಆ ಮಂತ್ರಿ ಮೇಲೂ.

೧೭-೧೨. ಬಸ್ಸಿಲ್ಲ. ಬೇರೆ ಏನೂ ಬರೆಯುವುದಿಲ್ಲ.

೨೧-೧೨, ಶುಕ್ರವಾರ. ಮಧ್ಯಾಹ್ನ

ಬರೆಯುತ್ತೇನೆ. ಬಸ್ಸು ಬರಲಿಲ್ಲ ಅಂತ ಎರಡು ತಿಂಗಳಿಂದ ಬರೆದೆನಲ್ಲ, ಯಾಕೆ ಬರಲಿಲ್ಲ ಅನ್ನುವುದನ್ನೂ ಬರೆಯಲಿ ಈ ಕೈ.

ಶ್ರಾವಣ ಸೋಮವಾರ. ಮನೆಯಲ್ಲಿ ಮಠದ ಅಯ್ಯನವರ ಪಾದಪೂಜೆ, ಮಡಿ. ಎಂಟೂಕಾಲಿಗೆ ಚಲುವಯ್ಯ ಬಂದ. ಹೊಸಬ. ಟಿಕೆಟ್ ಪೆಟ್ಟಿಗೆ, ಹಾಸಿಗೆ ಸುರುಳಿ ಜಗುಲಿ ಮೇಲಿಟ್ಟ. ಹಿಂದಿನ ಕಂಡಕ್ಟರು ಈ ಮನೆ ಹೇಳಿ ಕಳಿಸಿದ್ದನಂತೆ. ನಾನೇ ಹೊರಗೆ ಬಂದೆ. ಶಿವಮಲ್ಲಪ್ಪ ಅಲ್ಲ, ನಾನು.

"ಯಾವೂರಪ್ಪ? ಯಾರ ಪೈಕಿ?"

ಹೇಳಿದ. ತಲೆ ತಗ್ಗಿಸಿ ಅಲ್ಲ, ನೇರವಾಗಿ. ತಂದೆ ಹೆಸರು, ಊರು, ಕೇರಿ ಎಲ್ಲ.

"ಇವತ್ತು ಪೂಜೆ ಅದೆ. ಬಸ್ಸಲ್ಲೇ ಮನಿಕೊ."

ಕುಡಿಯಲು ನೀರು ಕೇಳಿದ. ಚೆಂಬು ಕೊಡಲಿಲ್ಲ. ಮೇಲಿಂದ ಹೊಯ್ದೆ. ಬೊಗಸೆಯೊಡ್ಡಿದ, ಎರಡು ಗುಟುಕು ಕುಡಿದ, ಹಾಸಿಗೆ ಎತ್ತಿಕೊಂಡು "ಬತ್ತೀನಿ ಅವ್ವ" ಎಂದ. ಮಾರನೆಯ ದಿನ ಪೂಜೆ ಇರಲಿಲ್ಲ. ಅವನು ಬೀದಿಯಲ್ಲೇ ನಿಂತು ನನ್ನ ಮುಖ ನೋಡಿದ. ನಾನು ಒಳಗೆ ಹೋದೆ. ನಾಲ್ಕು ದಿನ ಪಾಪಮ್ಮನ ಮನೆಯಲ್ಲಿ ಮಲಗಿದನಂತೆ. ಅದು ಸೋರುವ ಮನೆ, ಇರುವ ಒಂದು ಅಂಕಣದಲ್ಲಿ ಆರು ಜನ. ಆಮೇಲೆ ಮತ್ತೆ ಬಸ್ಸಿನಲ್ಲೇ. ಬಸ್ಸಿನ ಗಾಜು ಒಡೆದಿತ್ತು, ಗೋಣಿಚೀಲ ಕಟ್ಟಿದ್ದ. ಆ ವಾರವೆಲ್ಲ ಮಳೆ.

ಆ ಸೋಮವಾರ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನೂ ಬರೆಯಬೇಕು. ಚೆನ್ನಾಗಿಯೇ ಬಂತು ನಿದ್ದೆ.

೨೪-೧೨, ಸೋಮವಾರ

ಟಿ. ನರಸೀಪುರ ಬಸ್ ಸ್ಟಾಂಡು. ಎರಡು ಗಂಟೆ ಕಾದು ಹಿಡಿದೆ ಚಲುವಯ್ಯನನ್ನು. ಸೊರಗಿದ್ದಾನೆ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದನಂತೆ. ನನ್ನ ಗುರುತು ಸಿಕ್ಕಿತು ಅಂತ ಕಣ್ಣಲ್ಲೇ ಗೊತ್ತಾಯಿತು.

"ನೀನ್ ಬರ್ದು ಕೊಟ್ಟಿದ್ದು ಅಸೆಂಬ್ಲಿ ತಂಕ ಓಯ್ತಲ್ಲಪ್ಪ."

"ನಾನೆಲ್ಲಿ ಬರ್ದೆ ಅಜ್ಜಿ? ಜರ ಬಂದು ಬಿದ್ದಿದ್ದೆ. ಡ್ರೈವರಣ್ಣ ಬರ್ಕೊಟ್ಟಿದ್ದು."

ಇವನನ್ನು ಚಾಡಿಕೋರ ಅಂದಿದ್ದೆ ಈ ಹಾಳೆಗಳಲ್ಲೇ. ಹೊಡೆದು ಹಾಕುವುದಿಲ್ಲ, ಇರಲಿ.

ಹೇಳಿದೆ. ಮುಂದಿನ ಕೋಣೆ ಬಿಡಿಸಿಕೊಡುತ್ತೇನೆ, ಬೀಗ ಇದೆ, ಕಕ್ಕಸು ಇದೆ, ಬಾ ಅಂತ. ಅವನು ಟಿಕೆಟ್ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ ಕೇಳಿದ:

"ನೀರು ಎಂಗ್ ಕೊಡ್ತೀರಿ?"

ಸುತ್ತ ಎಷ್ಟು ಬಸ್ಸು, ಎಷ್ಟು ಗದ್ದಲ. ನನಗೆ ಆ ಪ್ರಶ್ನೆ ಒಂದೇ ಕೇಳಿಸಿತು. ಅಮೃತೇಶ ಸರ್ಕಾರವನ್ನು ಕೇಳಿದ್ದಕ್ಕಿಂತ ಚಿಕ್ಕದು. ಉತ್ತರ ಕೊಡಲು ನನ್ನ ಹತ್ತಿರ ಯಾವ ಇಲಾಖೆಯೂ ಇಲ್ಲ.

"ಡ್ಯೂಟಿ ಆಕುದ್ರೆ ಬತ್ತೀನಿ," ಎಂದ. "ಮನೆಯೊಳಕ್ ಬರೋದು ನೋಡನ." ವಿಶಿಲ್ ಊದಿದ, ಹೋದ.

೨೭-೧೨, ಗುರುವಾರ

ಕಾಗದ ಬರೆದೆ. ನನ್ನ ಕೈಯಿಂದಲೇ. ಬೀಗವಿರುವ ಕೋಣೆ, ಕುಡಿಯುವ ನೀರು, ಶೌಚಾಲಯ... ಈ ಮನೆಯಲ್ಲಿ ಕೊಡಲು ಒಪ್ಪಿರುತ್ತೇನೆ. ಶೌಚಾಲಯಕ್ಕೆ ಮೂರು ಸಲ ಕಾಗುಣಿತ ತಪ್ಪಿತು.

ಶಿವಮಲ್ಲಪ್ಪ ಕುಣಿದ. "ನಾಳೆ ಅಯ್ಯನೋರು ಈ ಮನೇಲಿ ಪೂಜೆಗ್ ಕೂತ್ಕತಾರ? ಊರೋರು ಏನಂದಾರು?"

"ಊರೋರ್ನ ಬಸ್ ತರಕ್ಕೇಳು. ತಂದ್ರೆ ಈ ಕಾಗ್ದ ಅರ್ದಾಕ್ತೀನಿ."

"ನಾನ್ ಈ ಮನೇಲಿ ಉಣ್ಣಕಿಲ್ಲ!"

"ಜಗ್ಲಿ ನನ್ ಗಂಡ ಕಟ್ಸಿದ್ದು, ಕೋಣೆ ನನ್ ಗಂಡ ಕಟ್ಸಿದ್ದು. ಉಣ್ಣದೆ ಇದ್ರೆ ಒಂದ್ ಮುದ್ದೆ ಉಳೀತದೆ."

ಒಳ್ಳೆಯವಳಾಗಲು ಮಾಡುತ್ತಿಲ್ಲ ಇದನ್ನು. ಹುಡುಗಿಗೆ ಹಾಲ್ ಟಿಕೆಟ್ ಬೇಕು. ಹಾಗಂತ ಬರೆದು ಸುಮ್ಮನಾಗಬಹುದಿತ್ತು... ಆದರೆ ಆ ಬೊಗಸೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಒಲೆ ಉರಿಸುವಾಗ, ಪೂಜೆಗೆ ಕೂತಾಗ. ಲಿಂಗಕ್ಕೆ ನೀರೆರೆಯುವಾಗ ಕೂಡ.

ಸೊಸೆ ರುದ್ರಾಣಿ ಎದ್ದಳು. ಕೋಣೆಯಿಂದ ಭತ್ತದ ಮೂಟೆ ಎಳೆಯತೊಡಗಿದಳು. ಅವಳಿಗೆ ಬಾಯಿದೆ ಅನ್ನುವುದನ್ನೇ ಮರೆತಿದ್ದೆ, ಕೈ ಇದೆ ಅನ್ನುವುದು ಇವತ್ತು ಗೊತ್ತಾಯಿತು.

೨೯-೧೨, ಶನಿವಾರ

ಕಾಗದ ನಿನ್ನೆ ಡಿಪೋಗೆ ಮುಟ್ಟಿತು, ಆರ್ಡರ್ ಆಗಿದೆ. ನಾಡಿದ್ದು ರಾತ್ರಿಯಿಂದ ಹಾಲ್ಟು. ಅಮೃತೇಶ ಅಂಗಡಿಗೆ ಫೋನ್ ಮಾಡಿದ್ದ — ಒಂದನೇ ತಾರೀಖು ಹಸಿರು ಬಾವುಟ ತೋರಿಸುತ್ತಾನಂತೆ, ಪೇಪರಿನವರನ್ನೂ ಕರೆತರುತ್ತಾನಂತೆ, ಹತ್ತು ಗಂಟೆಗೆ.

"ಆರ್ ಗಂಟೆಗ್ ಬಾ," ಎಂದೆ. "ಬಸ್ಸು ನಿಂಗೆ ಕಾಯಕಿಲ್ಲ."

ಯಾರ ಮನೆ ಅಂತ ಕೇಳಿದ್ದೆಯಲ್ಲ, ನಮ್ಮದೇ ಕಣಪ್ಪ, ನಾನೇ ಅಂದದ್ದು ಅಂತಲೂ ಹೇಳಿದೆ. ಫೋನು ಇಟ್ಟು ಮನೆಗೆ ಬಂದೆ.

೩೧-೧೨-೨೦೦೧, ಸೋಮವಾರ. ರಾತ್ರಿ ೮

ಕೋಣೆ ಗುಡಿಸಿ, ಸಾರಿಸಿ ಆಯಿತು. ಮಂಚಕ್ಕೆ ಗಾನವಿ ತನ್ನ ಚಾದರ ಹಾಸಿದ್ದಾಳೆ. ಕವನ ಬಂದು ಜಗುಲಿ ಅಂಚಿನಲ್ಲಿ ಕೂತಿದ್ದಾಳೆ, ಮೇಲೆ ಬಾ ಅಂದರೆ ಪಾಪಮ್ಮನ ಮುಖ ನೋಡುತ್ತಾಳೆ. ಪಾಪಮ್ಮ ಬೀದಿಯಲ್ಲಿ. ಶಿವಮಲ್ಲಪ್ಪ ಮಧ್ಯಾಹ್ನವೇ ಹದಿನಾರು ಊರಿಗೆ ಹೋದ. ಎದುರು ಮನೆಯವರು ಬಾಗಿಲು ಅರ್ಧ ತೆರೆದು ಕಾಯುತ್ತಿದ್ದಾರೆ, ಒಳಗಿಂದ ನೋಡಿದರೆ ಕಾಣುವುದಿಲ್ಲ ಅಂದುಕೊಂಡು. ಕಾಣುತ್ತದೆ ಕಣಮ್ಮ ವಿಶಾಲಮ್ಮ, ನಿನ್ನ ಮೂಗು ಕಾಣುತ್ತದೆ.

ಚೆಂಬು ಯಾವುದು ಅಂತ ರುದ್ರಾಣಿ ಕೇಳಿದಳು. ನಾನು ಕುಡಿಯುವುದು, ಎಂದೆ. ತೊಳೆದು ತುಂಬಿ ಪಕ್ಕದಲ್ಲಿಟ್ಟಿದ್ದಾಳೆ.

ಹಾರನ್ನು. ಕೆರೆ ಏರಿ ಮೇಲೆ ದೀಪ.

ಬಂತು. ತಂಗುದಾಣದ ಮುಂದೆ ನಿಂತಿತು. ಇಳಿದವರು ನಾಲ್ಕು ಜನ... ಡ್ರೈವರು ನೆಂಟರ ಮನೆ ಕಡೆ ಹೋದ. ಚಲುವಯ್ಯ ಇಳಿದಿಲ್ಲ. ಬಸ್ಸಿನ ಬಾಗಿಲಲ್ಲೇ ನಿಂತಿದ್ದಾನೆ, ಹಾಸಿಗೆ ಕಂಕುಳಲ್ಲಿ. ಈ ಕಡೆ ನೋಡುತ್ತಿಲ್ಲ. ಒಳಗಿನ ದೀಪ ಆರಿಸಲು ಕೈ ಎತ್ತಿದ — ಅಲ್ಲೇ ಮಲಗುತ್ತಾನೆ ಅಂತ ಕಾಣುತ್ತದೆ. ಮಲಗಲು ಬಿಡುವುದಿಲ್ಲ. ಈ ಜಗುಲಿಯಿಂದ ಅಲ್ಲಿಗೆ ಅರವತ್ತು ಹೆಜ್ಜೆ, ಮಂಡಿ ನೋವು ಬೇರೆ, ಚೆಂಬು ಎತ್ತಿಕೊಂಡು ನಾನೇ ಹೊರಟೆ, ಮಿಕ್ಕದ್ದು ಬಂದು ಬರೆಯುತ್ತೇನೆ.