ತೊಟ್ಟಿಯ ಮೇಲಿನ ಹೊಸ ನೆಲ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನೆಯ ಸಮಾರಂಭ ಹೇಗಾಯಿತು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬಂದವರ ಪಾಲಿಗೆ ಚೆನ್ನಾಗಿಯೇ ಆಯಿತು. ನನ್ನ ಮಾನ ಹೋದದ್ದು ಮನೆಗೆ ಬಂದ ಮೇಲೆ.

ದುರಸ್ತಿ ಮುಗಿದ ದೇವಾಲಯದ ಪ್ರತಿಷ್ಠೆಯ ದಿನ ನಮ್ಮ ಬ್ಯಾಪ್ಟಿಸ್ಟ್ ಸಭೆಯ ಚರಿತ್ರೆ ಬರೆದು ಓದುವ ಕೆಲಸ ನನ್ನದಾಗಿತ್ತಲ್ಲ. ಕಟ್ಟಡ ಸಮಿತಿಯ ಅಧ್ಯಕ್ಷೆ ಬೇರೆ, ತಲೆಗೆ ಕೊಂಬು ಬಂದಿತ್ತು. ಮೊದಲು ಬಡಗಿಯ ಶೆಡ್ಡಿನಲ್ಲಿ ಮರದ ಹೊಟ್ಟಿನ ಮೇಲೆ ಮಂಡಿಯೂರಿದ್ದು, ಕೆರೆಯಲ್ಲಿ ದೀಕ್ಷಾಸ್ನಾನ ಕೊಡುವಾಗ ಬಟ್ಟೆ ಒಗೆಯುವವರು ನಕ್ಕದ್ದು, ಆಮೇಲೆ ಕಲ್ಲಿನ ಕಟ್ಟಡ ಎದ್ದದ್ದು, ಪ್ರಸಂಗಪೀಠದ ಹಲಗೆಗಳ ಕೆಳಗೆ ದೀಕ್ಷಾಸ್ನಾನಕ್ಕೆ ಮುಳುಗಿಸುವ ತೊಟ್ಟಿ ಕಟ್ಟಿದ್ದು, ಎಲ್ಲ ಓದಿದೆ. ಕೊನೆಗೆ, ಇಲ್ಲಿನ ಹಿರಿಯ ಹೆಂಗಸರೆಲ್ಲ ಆ ನೀರಿಗಿಳಿದು ಎದ್ದವರೇ, ನನ್ನ ಅಮ್ಮನೂ ಸೇರಿ, ಎಂದೆ. ಚಪ್ಪಾಳೆ ಬಿತ್ತು. ಅಮ್ಮ ಮಾತ್ರ ಕೈಚೀಲದ ಜಿಪ್ಪು ಎಳೆಯುತ್ತಾ ಕೂತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಹೇಳಿದಳು, ನೀನು ಓದಿದ್ದೆಲ್ಲ ಚೆನ್ನಾಗಿತ್ತು ಕಣೇ, ಒಂದು ಸುಳ್ಳು ಬಿಟ್ರೆ, ನಾನು ಆ ತೊಟ್ಟಿಗೆ ಇಳಿದೇ ಇಲ್ಲ ಅಂತ.

ನಿನಗೆ ಗೊತ್ತಿತ್ತೇ ಅಕ್ಕಾ? ತೊಟ್ಟಿಗೆ ನೀರು ತುಂಬಿಸುತ್ತಿದ್ದವಳು ಅವಳು. ಮೆಟ್ಟಿಲ ಬಳಿ ಟವೆಲ್ ಹಿಡಿದು ನಿಂತು, ಒದ್ದೆಯಾಗಿ ಮೇಲೆ ಬಂದ ನಮ್ಮೆಲ್ಲರ ತಲೆ ಒರೆಸಿದವಳೂ ಅವಳೇ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಲೋಟ ತೊಳೆಯುತ್ತಿದ್ದದ್ದು ಕೆಲಸದ ಹುಚ್ಚಿನಿಂದ ಅಂದುಕೊಂಡಿದ್ದೆ. ದೀಕ್ಷಾಸ್ನಾನ ಆಗದವರಿಗೆ ರೊಟ್ಟಿ ಇಲ್ಲವಲ್ಲ, ಅದಕ್ಕೇ ಎದ್ದು ಹೋಗುತ್ತಿದ್ದಳಂತೆ. ಸಭೆಯ ಚರಿತ್ರೆಯನ್ನೆಲ್ಲ ಕೆದಕಿದವಳಿಗೆ ದೀಪದ ಬುಡದ ಕತ್ತಲೆ ಕಾಣಲಿಲ್ಲ. ನನಗೆ ತುಂಬಾ ನಾಚಿಕೆಯಾಗುತ್ತಿದೆ.

ಇನ್ನೂ ಇದೆ. ಅವಳಿಗೆ ಈಗ ಇಳಿಯಬೇಕಂತೆ, ಅದೇ ತೊಟ್ಟಿಗೆ. ಅದನ್ನು ಮುಚ್ಚಿಸಿದವಳು ನಾನೇ. ಎಷ್ಟೋ ಕಾಲದಿಂದ ಯಾರೂ ಇಳಿದಿಲ್ಲ, ಬೇಕಾದರೆ ಪಕ್ಕದ ಊರಿನ ಸಭೆಯದ್ದಿದೆ ಎಂದು ವಾದಿಸಿ, ಕಲ್ಲುಮಣ್ಣು ತುಂಬಿಸಿ, ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದೆ. ಗಾರೆಯವರಿಗೆ ಕುಡಿಯಲು ನೀರು ತಂದುಕೊಟ್ಟ ಅಮ್ಮ ಅಲ್ಲೇ ನಿಂತು ನೋಡುತ್ತಿದ್ದಳು. ಅವಳನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನನ್ನ ಬುದ್ಧಿ ನೋಡು, ಯಾರಿಗೂ ಹೇಳದೆ ಪಕ್ಕದ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಕದ್ದುಮುಚ್ಚಿ ಮುಳುಗೋಕೆ ನಾನೇನು ಕಳ್ಳೀನಾ ಎಂದು ರೇಗಿದಳು. ನಿನ್ನೆ ಸಂಜೆಯೇ ಸಭಾಪಾಲಕರ ಮನೆಗೆ ಹೋಗಿ ಎಲ್ಲ ಹೇಳಿದೆ. ಹಾಕಿದ ಟೈಲ್ಸ್ ಇನ್ನೂ ಒಣಗಿಲ್ಲ, ಆಗಲೇ ಒಡೀತೀರಾ ಎಂದು ನಕ್ಕರು. ಆಮೇಲೆ, ನಾನೂ ನಿಮ್ಮ ಅಮ್ಮನನ್ನ ಯಾವತ್ತೂ ಕೇಳಲಿಲ್ಲವಲ್ಲಮ್ಮ ಎಂದು ತಲೆ ತಗ್ಗಿಸಿ ಒಪ್ಪಿದರು. ಬರುವ ಭಾನುವಾರ ಅಮ್ಮ ತೊಟ್ಟಿಗಿಳಿಯುವ ಮೊದಲು ಅದೇ ಜನರ ಮುಂದೆ ನಾನು ಚರಿತ್ರೆ ತಿದ್ದಿ ಓದಬೇಕು. ಟೈಲ್ಸ್ ಒಡೆಯಲು ಗಾರೆಯವನಿಗೆ ಹೇಳಿಯಾಗಿದೆ. ನೀನು ಬಾ, ಈ ಸಲ ಟವೆಲ್ ನಾವಿಬ್ಬರೂ ಹಿಡಿಯಬೇಕು.

ತಲೆ ಎತ್ತಲಾರದ ನಿನ್ನ ತಂಗಿ,
ಪುಟ್ಟಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಟ್ರಂಕಿನಿಂದ ಬಿಳಿ ನಿಲುವಂಗಿಯೊಂದನ್ನು ತೆಗೆದು ತಂದಳು. ನನ್ನ ದೀಕ್ಷಾಸ್ನಾನದ ದಿನ ನಾನು ತೊಟ್ಟದ್ದು. ಕಾಲಿಗೆ ತೊಡರಿ ಮೆಟ್ಟಿಲಲ್ಲಿ ಮುಗ್ಗರಿಸಿದ್ದೆ, ನೀನು ಕಿಸಕ್ಕನೆ ನಕ್ಕಿದ್ದೆ. ಅಷ್ಟುದ್ದ ಯಾಕೆ ಹೊಲಿದಿದ್ದೆ ಎಂದು ಕೇಳಿದೆ. ಪುಟ್ಟೀ, ನಿನಗೆ ಹೊಲಿದದ್ದನ್ನ ಇಸ್ತ್ರಿ ಹಾಕುವಾಗ ನಾನೇ ಸುಟ್ಟುಬಿಟ್ಟಿದ್ದೆ ಕಣೇ, ಅವತ್ತು ನಾನೂ ಇಳಿಯೋಳಿದ್ದೆ, ಇದು ನನ್ನ ಅಳತೇದು ಅಂದಳು.