ಕಪಾಟಿನೊಳಗಿನ ಬೆಳಗು

ನಯಾಜ,

ಇದನ್ನು ನಿಮಗೆ ಕಳಿಸುವುದಿಲ್ಲ, ಹಾಗಾಗಿ ಇದ್ದದ್ದು ಇದ್ದಂತೆ ಬರೆಯಬಹುದು. ನೀವು ರಾಣೆಬೆನ್ನೂರಿನ ಮನೆಯಲ್ಲಿ, ದೀಪ ಹಾಕಿದ ಕಪಾಟಿನೊಳಗೆ ಬಿಟ್ಟುಹೋದ ಪ್ರಯೋಗದ ಬೀನ್ಸ್ ಗಿಡಗಳನ್ನು ಒಯ್ಯಲು ಇವತ್ತು ನಿಮ್ಮ ತಮ್ಮ ಅನೀಸ ಹಾವೇರಿಯಿಂದ ಬಂದಿದ್ದ. ಹೆಂಡತಿಯನ್ನು ಬಿಡುವಾಗ ನಿಮಗೆ ಅವಸರವಿತ್ತು. ಗಿಡಗಳ ನೆನಪು ಈಗ ಬಂದಿದೆ.

ಮದುವೆಯಾದ ಹೊಸದರಲ್ಲಿ ಆ ಕಪಾಟಿನ ಮುಂದೆ ಕೂರಿಸಿಕೊಂಡು ನೀವೇ ನನಗೆ ಹೇಳಿದ್ದಿರಿ. ಗಿಡದ ಪ್ರತಿ ಕೋಶದಲ್ಲೂ ಒಂದು ಗಡಿಯಾರವಿದೆ. ಡಿಎನ್‌ಎ ಎಳೆ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಅದೇ ಕ್ರೊಮ್ಯಾಟಿನ್. ಬೆಳಗಾಗುವ ಮುಂಚೆಯೇ ಗಡಿಯಾರ ಕೆಲವು ಕಡೆ ಆ ಸುತ್ತನ್ನು ಸಡಿಲಿಸುತ್ತದೆ, ಬೆಳಗಿನ ಜೀನುಗಳು ಎಚ್ಚರಾಗುತ್ತವೆ. ಆಮೇಲೆ ಮತ್ತೆ ಬಿಗಿಯುತ್ತದೆ. ಕತ್ತಲಲ್ಲಿಟ್ಟರೂ ಕೆಲವು ದಿನ ಇದು ನಿಲ್ಲುವುದಿಲ್ಲ.

ನೀವು ಹೋದ ದಿನವೇ ನಾನು ಕಪಾಟಿನ ದೀಪ ಆರಿಸಿ ಬಾಗಿಲು ಹಾಕಿದೆ. ನೀರು ಮಾತ್ರ ಹಾಕುತ್ತಿದ್ದೆ. ನೀವು ಹೇಳಿದ್ದು ನಿಜವೇ. ಹೊತ್ತು ಹುಟ್ಟುವಾಗ ಎಲೆಗಳು ಎದ್ದು ನಿಂತಿರುತ್ತಿದ್ದವು, ರಾತ್ರಿ ಇಳಿಯುತ್ತಿದ್ದವು. ಬರಬರುತ್ತ ಹಳದಿಯಾದವು, ಆಮೇಲೆ ಏಳಲಿಲ್ಲ. ದಿನವೂ ಬೆಳಗ್ಗೆ ನಾನು ಹೋಗಿ ನೋಡಿದೆ. ದೀಪದ ಸ್ವಿಚ್ಚು ಕೈಗೆಟುಕುವಲ್ಲೇ ಇತ್ತು.

ಕಪಾಟು ತೆಗೆದ ಅನೀಸ ಹಿಂದೆ ಸರಿದ.

"ಭಾಭಿ, ಎಲ್ಲಾ ಸತ್ತಾವಲ್ರಿ! ಭಾಯಿ ಇವುಗಳ ಮ್ಯಾಲ ಜೀವಾನ ಇಟ್ಟಾನ್ರಿ."

"ಗೊತ್ತೈತಿ. ಅದಕ್ಕ."

ಅವನು ಕುಂಡಗಳನ್ನು ಮುಟ್ಟದೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

"ಅವಗ ಏನಂತ ಹೇಳ್ಲಿರಿ?"

"ಸಾಯೂಮಟ ದಿನಾ ಮುಂಜಾನೆ ಕಾಯ್ತಿದ್ವು ಅಂತ ಹೇಳು."

ನಜ್ಮಾ